ಇಕ್ತಿಯೊಸಾರ್ ಬೆನ್ನಿನ ರೆಕ್ಕೆಗೆ ಮೂಳೆಯೇ ಇಲ್ಲ, ಮತ್ತೆ ಅದು ಇತ್ತು ಅಂತ ಹೇಗೆ ಗೊತ್ತಾಯ್ತು?

ಗೀಚುಗೆರೆ:

ಎಲ್ಲರಿಗೂ ನಮಸ್ಕಾರ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು ನನ್ನ ಕೆಲಸ. ಸದ್ಯ ಕೈಯಲ್ಲಿರುವುದು ಅಳಿದುಹೋದ ಕಡಲ ಸರೀಸೃಪಗಳ ಪುಸ್ತಕ. ಅದರಲ್ಲಿ ಇಕ್ತಿಯೊಸಾರ್‌ಗೆ ಎರಡು ಪುಟ ಕೊಟ್ಟಿದ್ದಾರೆ. ನಾನು ಬರೆದದ್ದು ಅದೇ ಗುಂಪಿನ ಸ್ಟೆನಾಪ್ಟೆರಿಜಿಯಸ್. ಉದ್ದ ಮೂತಿ, ದೊಡ್ಡ ಕಣ್ಣು, ಈಜುವುದಕ್ಕೆ ನಾಲ್ಕು ಹುಟ್ಟುಗಾಲು, ಬೆನ್ನ ಮೇಲೆ ತ್ರಿಕೋನದ ರೆಕ್ಕೆ, ಹಿಂದೆ ಎರಡು ಕವಲಿನ ಬಾಲ. ನೀವೆಲ್ಲ ನೋಡಿರುವಂಥದ್ದೇ.

ಸಂಪಾದಕರು ಕರಡು ನೋಡಿ, ಬೆನ್ನಿನ ರೆಕ್ಕೆಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ವಾಪಸ್ ಕಳಿಸಿದ್ದಾರೆ. ಪಕ್ಕದಲ್ಲಿ "ಅಸ್ಥಿಪಂಜರದಲ್ಲಿ ಇದು ಎಲ್ಲಿದೆ? ತೋರಿಸಿ" ಅಂತ ಬರೆದಿದ್ದಾರೆ. ಸಿಕ್ಕ ಫೋಟೋಗಳನ್ನೆಲ್ಲ ದೊಡ್ಡದು ಮಾಡಿ ನೋಡಿದೆ. ಅವರು ಹೇಳೋದು ಸರಿ, ಆ ಜಾಗ ಖಾಲಿ. ಬೆನ್ನುಮೂಳೆ ಇದೆ, ಪಕ್ಕೆಲುಬು ಇದೆ, ರೆಕ್ಕೆಗೆ ಆಧಾರವಾಗಿ ಒಂದು ಕಡ್ಡಿಯಷ್ಟು ಮೂಳೆಯೂ ಇಲ್ಲ.

ಬಾಲದ್ದು ಇನ್ನೊಂದು ತಕರಾರು. ಬೆನ್ನುಮೂಳೆ ನೆಟ್ಟಗೆ ಬರುತ್ತದೆ, ತುದಿ ಹತ್ತಿರ ಇದ್ದಕ್ಕಿದ್ದಂತೆ ಕೆಳಕ್ಕೆ ಬಾಗುತ್ತದೆ. ಮುರಿದ ಹಾಗೆ ಕಾಣುತ್ತದೆ. ಹಳೆಯ ಚಿತ್ರಗಳಲ್ಲಿ ಬಾಲ ಮೊಸಳೆಯದರಂತೆ ನೆಟ್ಟಗಿದೆ, ಹೊಸ ಚಿತ್ರಗಳಲ್ಲಿ ಕವಲೊಡೆದಿದೆ. ಆ ಮೇಲಿನ ಕವಲಿಗೂ ಮೂಳೆ ಇಲ್ಲ.

ನನ್ನ ಪ್ರಶ್ನೆ ಇಷ್ಟೇ. ಈ ರೆಕ್ಕೆ, ಈ ಕವಲು ನಿಜವಾಗಿ ಇದ್ದವಾ? ಇಲ್ಲಾ ಒಬ್ಬರು ಬರೆದದ್ದನ್ನು ನೋಡಿ ಇನ್ನೊಬ್ಬರು ಬರೆಯುತ್ತಾ ಬಂದಿದ್ದಾರಾ? ಸಂಪಾದಕರಿಗೆ "ಎಲ್ಲರೂ ಹೀಗೇ ಬರೀತಾರೆ" ಅಂದರೆ ನಡೆಯಲ್ಲ.

ನೀರ್ಗುಳ್ಳೆ:

ಸುಮ್ನೆ ತಲೆ ಕೆಡಿಸ್ಕೋಬೇಡಿ ಮೇಡಂ. ಡಾಲ್ಫಿನ್ ನೋಡಿ ಕಾಪಿ ಹೊಡೆದಿದ್ದಾರೆ, ಅಷ್ಟೇ. ಡೈನೋಸಾರ್ ವಿಷಯದಲ್ಲಿ ಅರ್ಧಕ್ಕರ್ಧ ಕಲ್ಪನೆಯೇ. ಮೂಳೆ ಇಲ್ಲ ಅಂದ್ಮೇಲೆ ಪುರಾವೆ ಎಲ್ಲಿಂದ ಬರಬೇಕು?

ಕಲ್ಲುಕೆರೆತ:

ಪುರಾವೆ ಇದೆ, ಧಾರಾಳವಾಗಿ ಇದೆ. ಮೊದಲು ಒಂದು ಮಾತು. ಇಕ್ತಿಯೊಸಾರ್ ಡೈನೋಸಾರ್ ಅಲ್ಲ. ನೆಲದ ಮೇಲಿದ್ದ ಯಾವುದೋ ಸರೀಸೃಪ ಕಡಲಿಗೆ ಇಳಿದು ಬೆಳೆದ ಬೇರೆಯೇ ವಂಶ ಅದು. ಸುಮಾರು 25 ಕೋಟಿ ವರ್ಷಗಳ ಹಿಂದೆ ಕಾಣಿಸಿಕೊಂಡಿತು, ಸುಮಾರು 9 ಕೋಟಿ ವರ್ಷಗಳ ಹಿಂದೆ ಅಳಿಯಿತು. ಅಂದರೆ ಡೈನೋಸಾರ್‌ಗಳ ಕೊನೆಗಾಲಕ್ಕೆ ಮುಂಚೆಯೇ ಇದರ ಕಥೆ ಮುಗಿದಿತ್ತು.

ನಾನು ಭೂವಿಜ್ಞಾನ ಪಾಠ ಮಾಡಿಕೊಂಡಿದ್ದವನು. ಪಳೆಯುಳಿಕೆಗೆ ಅಂಟಿದ ಕಲ್ಲನ್ನು ಸೂಜಿಯಲ್ಲಿ ಕೆರೆದು ಬಿಡಿಸುವುದು ನನಗೆ ಹಳೆಯ ಚಟ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದರೆ ಬೇಸರ ಮಾಡ್ಕೋಬೇಡಿ. ಬಾಲದಿಂದ ಶುರು ಮಾಡುತ್ತೇನೆ, ಯಾಕೆಂದರೆ ಬಾಲದ ಸಾಕ್ಷಿ ಮೂಳೆಯಲ್ಲೇ ಇದೆ.

ಇಂಗ್ಲೆಂಡಿನ ಲೈಮ್ ರೀಜಿಸ್ ಕಡಲದಂಡೆಯಲ್ಲಿ 1811ರಲ್ಲಿ ಜೋಸೆಫ್ ಆ್ಯನಿಂಗ್ ಅನ್ನುವ ಹುಡುಗನಿಗೆ ಒಂದು ದೊಡ್ಡ ತಲೆಬುರುಡೆ ಸಿಕ್ಕಿತು. ಮರುವರ್ಷ ಉಳಿದ ದೇಹದ ಮೂಳೆಗಳನ್ನು ಹುಡುಕಿದವಳು ಅವನ ತಂಗಿ ಮೇರಿ. ವಿಜ್ಞಾನಿಗಳು ಗಂಭೀರವಾಗಿ ಅಭ್ಯಾಸ ಮಾಡಿದ ಮೊದಲ ಇಕ್ತಿಯೊಸಾರ್ ಅದೇ. ಆಮೇಲೆ ಅದೇ ದಂಡೆಯ ಬಂಡೆಗಳಿಂದ ಒಂದರ ಹಿಂದೆ ಒಂದು ಬಂದವು. ಬಹಳಷ್ಟರಲ್ಲಿ ಬಾಲದ ತುದಿ ಕೆಳಕ್ಕೆ ಬಾಗಿತ್ತು. ನೋಡಿದವರು ಏನಂದುಕೊಂಡರು? ನೀವಂದುಕೊಂಡದ್ದೇ. ಸತ್ತ ಮೇಲೆ ಮುರಿದಿದೆ.

1838ರಲ್ಲಿ ರಿಚರ್ಡ್ ಓವನ್ ಅನ್ನುವ ಇಂಗ್ಲಿಷ್ ಅಂಗರಚನಾ ವಿಜ್ಞಾನಿ ಇದರ ಬಗ್ಗೆಯೇ ಒಂದು ಟಿಪ್ಪಣಿ ಬರೆದ. ಅವನ ತರ್ಕ ನೋಡಿ, ನನಗೆ ಬಹಳ ಇಷ್ಟ. ಸುಮ್ನೆ ಮುರಿದಿದ್ದರೆ ಒಂದರಲ್ಲಿ ಇಲ್ಲಿ, ಇನ್ನೊಂದರಲ್ಲಿ ಅಲ್ಲಿ ಮುರಿಯಬೇಕಿತ್ತು. ಆದರೆ ಪ್ರಾಣಿ ಬೇರೆ ಬೇರೆಯಾದರೂ ಬಾಗಿದ ಜಾಗ ಹೆಚ್ಚುಕಮ್ಮಿ ಒಂದೇ. ಹಾಗಾದರೆ ಬಾಲದ ತುದಿಯಲ್ಲಿ ಭಾರವಾದ ಏನೋ ಇತ್ತು, ಮೂಳೆಯಿಲ್ಲದ ಒಂದು ರೆಕ್ಕೆ ಇತ್ತು, ಹೆಣ ಕೊಳೆಯುವಾಗ ಅದರ ಎಳೆತಕ್ಕೆ ಅಲ್ಲಿ ಕೀಲು ತಪ್ಪಿತು ಅಂತ ಹೇಳಿದ. ರೆಕ್ಕೆ ಇತ್ತು ಅನ್ನುವುದು ಸರಿ. ಸತ್ತ ಮೇಲೆ ಬಾಗಿತು ಅನ್ನುವುದು ತಪ್ಪು. ತಪ್ಪು ದಾರಿಯಲ್ಲಿ ಹೋಗಿ ಸರಿಯಾದ ಮನೆ ಬಾಗಿಲಿಗೇ ಬಂದುಬಿಟ್ಟ ಪುಣ್ಯಾತ್ಮ.

ನಿಮ್ಮ ಹಳೆಯ ಚಿತ್ರಗಳ ಮೊಸಳೆ ಬಾಲ ಬಂದದ್ದು ಆ ಕಾಲದಿಂದಲೇ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಉದ್ಯಾನದಲ್ಲಿ 1854ರಲ್ಲಿ ನಿಲ್ಲಿಸಿದ ದೊಡ್ಡ ಬೊಂಬೆಗಳು ಇವತ್ತಿಗೂ ಇವೆ. ಅವುಗಳಿಗೆ ಸಲಹೆ ಕೊಟ್ಟವನು ಇದೇ ಓವನ್. ಅಲ್ಲಿನ ಇಕ್ತಿಯೊಸಾರ್‌ಗಳ ಬಾಲ ಉದ್ದಕ್ಕೆ ಚಾಚಿದೆ, ಬೆನ್ನು ಬೋಳು.

ಈಗ ಮೂಳೆಯ ಸಾಕ್ಷಿ. ಇಕ್ತಿಯೊಸಾರ್ ಬೆನ್ನುಮೂಳೆಯ ಮಣಿ ದುಂಡಗೆ, ಚಪ್ಪಟೆ. ಎರಡೂ ಮುಖ ಒಳಕ್ಕೆ ತಗ್ಗಾಗಿರುವ ದೊಡ್ಡ ಕೇರಂ ಪಾನ್ ಅಂದುಕೊಳ್ಳಿ. ನನ್ನ ಹತ್ತಿರ ಬಾಲದ ತಿರುವಿನ ಮಣಿಗಳ ಪ್ಲಾಸ್ಟರ್ ಅಚ್ಚುಗಳಿದ್ದವು. ತರಗತಿಯಲ್ಲಿ ಮೊದಲು ನಡುಬೆನ್ನಿನ ಮಣಿಗಳನ್ನು ಮೇಜಿನ ಮೇಲೆ ಒಂದಕ್ಕೊಂದು ತಾಗಿಸಿ ಇಡಿಸುತ್ತಿದ್ದೆ. ಸಾಲು ಹೆಚ್ಚುಕಮ್ಮಿ ನೆಟ್ಟಗೆ ಹೋಗುತ್ತಿತ್ತು. ಆಮೇಲೆ ತಿರುವಿನ ಮಣಿಗಳನ್ನು ಇಡಿಸುತ್ತಿದ್ದೆ. ಹುಡುಗರು ನೇರ ಮಾಡಲು ಒದ್ದಾಡುತ್ತಿದ್ದರು. ಒಂದು ಕಡೆ ಕೂಡಿಸಿದರೆ ಇನ್ನೊಂದು ಕಡೆ ಬಿರುಕು ಬಿಡುತ್ತಿತ್ತು. ಮುಖಕ್ಕೆ ಮುಖ ಸರಿಯಾಗಿ ಕೂತರೆ ಸಾಲು ತಾನಾಗಿ ಬಾಗುತ್ತಿತ್ತು. ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆದರೆ ಕಾರಣ ಗೊತ್ತಾಗುತ್ತದೆ. ಆ ಮಣಿಗಳ ಮೇಲಂಚು ದಪ್ಪ, ಕೆಳಂಚು ತೆಳು. ಬೆಣೆಯ ಆಕಾರ. ಮುರಿದ ಮೂಳೆ ಹೀಗೆ ಬೆಣೆಯಾಗಿ ಬೆಳೆಯಲ್ಲ. ಬದುಕಿದ್ದಾಗಲೇ ಬಾಲ ಕೆಳಕ್ಕೆ ಬಾಗಿತ್ತು, ಅದು ಅದರ ಹುಟ್ಟು ಆಕಾರ.

ಸರಿ, ಬಾಗಿತ್ತು. ಅಷ್ಟರಿಂದ ಮೇಲೊಂದು ಕವಲು ಇತ್ತು ಅಂತ ಆಗಲ್ಲ. ಬೆನ್ನಿನ ರೆಕ್ಕೆಯಂತೂ ಇದರಿಂದ ಸಿಗುವುದೇ ಇಲ್ಲ. ಅದಕ್ಕೆ ಜರ್ಮನಿಗೆ ಹೋಗಬೇಕು.

ಜರ್ಮನಿಯ ದಕ್ಷಿಣದಲ್ಲಿ ಹೋಲ್ಟ್ಸ್‌ಮಾಡೆನ್ ಅಂತ ಊರು. ಅಲ್ಲಿ ಸುಮಾರು 18 ಕೋಟಿ ವರ್ಷ ಹಳೆಯ, ಎಣ್ಣೆ ಅಂಶವಿರುವ ಕಪ್ಪು ಪದರಗಲ್ಲು ಇದೆ. ಜನ ಅದನ್ನು ಹಾಸುಗಲ್ಲಿಗೆ, ಕಿಟಕಿಯ ಕಟ್ಟೆಗೆ ಅಂತ ತೆಗೆಯುತ್ತಿದ್ದರು. ಕಲ್ಲು ತೆಗೆಯುವಾಗ ಪ್ರಾಣಿಗಳು ಸಿಗುತ್ತಿದ್ದವು. ಬೆರ್ನ್‌ಹಾರ್ಡ್ ಹಾಫ್ ಅನ್ನುವವರು ಅವುಗಳನ್ನು ಬಿಡಿಸುವುದನ್ನೇ ಬದುಕಿನ ಕೆಲಸ ಮಾಡಿಕೊಂಡರು. ಬೇರೆಯವರಿಗೆ ಮೂಳೆ ಬೇಕಿತ್ತು, ಮೂಳೆಯ ಸುತ್ತ ಇರುವ ಕಪ್ಪು ಮಸಿಯಂಥ ಪೊರೆಯನ್ನು ಕೆರೆದು ಬಿಸಾಡುತ್ತಿದ್ದರು. ಇವರು ಮೂಳೆ ಮುಗಿದ ಕಡೆ ಸೂಜಿ ನಿಲ್ಲಿಸಿ ನೋಡಿದರು. ಆ ಪೊರೆಗೆ ಒಂದು ಅಂಚು ಇತ್ತು. ಅಂಚು ಹಿಡಿದು ಹೋದರೆ ಇಡೀ ದೇಹದ ಹೊರಗೆರೆ. ಬೆನ್ನಿನ ಮೇಲೆ ತ್ರಿಕೋನದ ರೆಕ್ಕೆ, ಬಾಲದಲ್ಲಿ ಮೇಲೊಂದು ಕವಲು, ಕೆಳಗೊಂದು. ಬಾಗಿದ ಬೆನ್ನುಮೂಳೆ ಕೆಳಕವಲಿನ ಒಳಗೆ ಹೋಗಿ ಮುಗಿದಿತ್ತು. ಮೇಲ್ಗವಲಿನಲ್ಲಿ ಮಾಂಸ, ಚರ್ಮ ಅಷ್ಟೇ. 1892ರಲ್ಲಿ ಪಳೆಯುಳಿಕೆ ವಿಜ್ಞಾನಿ ಎಬೆರ್‌ಹಾರ್ಡ್ ಫ್ರಾಸ್ ಇದನ್ನು ಪ್ರಕಟಿಸಿದರು. ಬೆನ್ನಿನ ರೆಕ್ಕೆ ಚಿತ್ರಗಳಿಗೆ ಬಂದದ್ದು ಅಲ್ಲಿಂದ.

ಚರ್ಮ ಉಳಿದದ್ದು ಹೇಗೆ? ಆ ಪದರಗಲ್ಲು ಆಗ ಕಡಲ ತಳದ ಕೆಸರಾಗಿತ್ತು, ಅಲ್ಲಿ ಆಮ್ಲಜನಕ ಬಹಳ ಕಡಿಮೆ. ಹೆಣ ತಿನ್ನಲು ಬರುವ ಏಡಿ, ಹುಳ ಅಲ್ಲಿ ಬಾಳುವಂತಿರಲಿಲ್ಲ. ಮೇಲಿಂದ ನುಣ್ಣನೆ ಕೆಸರು ಮೆಲ್ಲಗೆ ಬೀಳುತ್ತಿತ್ತು. ಕೊಳೆತರೂ ಚೆಲ್ಲಾಪಿಲ್ಲಿ ಆಗದೆ, ಇದ್ದಲ್ಲೇ ಪೊರೆಯಾಗಿ ಕೂತಿತು.

ನೀರ್ಗುಳ್ಳೆ ಅವರೇ, ನೀವು ಹೇಳಿದ ಡಾಲ್ಫಿನ್ ಬೆನ್ನಿನ ರೆಕ್ಕೆಗೂ ಮೂಳೆ ಇಲ್ಲ ಗೊತ್ತಾ? ಡಾಲ್ಫಿನ್ ಬಳಗದಲ್ಲೇ ದೊಡ್ಡದಾದ ಓರ್ಕಾ ಗಂಡಿನ ರೆಕ್ಕೆ ಆಳೆತ್ತರ ಇರುತ್ತದೆ. ಒಳಗೆ ಒಂದು ಮೂಳೆಯೂ ಇಲ್ಲ. ಬರೀ ಅಸ್ಥಿಪಂಜರ ಸಿಕ್ಕಿದ್ದರೆ ಅದನ್ನೂ ಬೋಳು ಬೆನ್ನಿನ ಪ್ರಾಣಿ ಅಂತಲೇ ಬರೆಯುತ್ತಿದ್ದೆವು.

ಅನುಮಾನಯ್ಯ:

ಕಲ್ಲುಕೆರೆತ ಸರ್, ಚೆನ್ನಾಗಿ ಹೇಳಿದ್ರಿ. ಆದರೆ ಒಂದು ವಿಷಯ ಬಿಟ್ಟಿರಿ. ಆ ಹೋಲ್ಟ್ಸ್‌ಮಾಡೆನ್ ಹೊರಗೆರೆಗಳಲ್ಲಿ ಕೆಲವು ನಕಲಿ ಅಂತ ಓದಿದ ನೆನಪು. ಮಾರುವುದಕ್ಕೆ ಚೆಂದ ಕಾಣಲಿ ಅಂತ ಬಣ್ಣ ಬಳಿದು, ಬೇಕಾದ ಹಾಗೆ ಕೊರೆದು ರೆಕ್ಕೆ ಮಾಡುತ್ತಿದ್ದರಂತೆ. ಅದೇ ನಿಜವಾದರೆ ನಿಮ್ಮ ಪುರಾವೆ ಯಾವ ಲೆಕ್ಕ?

ಕಲ್ಲುಕೆರೆತ:

ಕೇಳಬೇಕಾದ ಪ್ರಶ್ನೆಯೇ ಕೇಳಿದ್ದೀರಿ. ಮುಚ್ಚಿಡುವಂಥದ್ದೇನಿಲ್ಲ, ಅಂಥದ್ದು ನಡೆದಿದೆ. ಸೂಜಿ ಹಿಡಿದವನ ಕೈಯಲ್ಲಿ ಗೆರೆ ಎಲ್ಲಿ ನಿಲ್ಲಬೇಕು ಅನ್ನುವುದಿರುತ್ತದೆ. ಪೊರೆಯೂ ಕಪ್ಪು, ಕಲ್ಲೂ ಕಪ್ಪು. ಪೊರೆ ಮುಗಿದ ಮೇಲೂ ಇನ್ನೊಂದು ಬೆರಳಿನಷ್ಟು ಮುಂದೆ ಹೋಗಿ ರೆಕ್ಕೆಯ ತುದಿಯನ್ನು ಚೂಪು ಮಾಡೋಣ ಅನ್ನಿಸುವುದು ಸುಲಭ. ಮೇಲೆ ಸ್ವಲ್ಪ ಬಣ್ಣ ಬಿದ್ದರೆ ಕಣ್ಣಿಗೆ ಗೊತ್ತೇ ಆಗಲ್ಲ. ಹಳೆಯ ಸಂಗ್ರಹಗಳಲ್ಲಿ ಹೀಗೆ "ತಿದ್ದಿದ" ಹೊರಗೆರೆಗಳಿವೆ ಅಂತ ತಜ್ಞರೇ ಎಚ್ಚರಿಸಿದ್ದಾರೆ.

ಇದು ಜರ್ಮನಿಯಲ್ಲಿ ಹುಟ್ಟಿದ ಚಾಳಿಯೂ ಅಲ್ಲ. ಇಂಗ್ಲೆಂಡಿನಲ್ಲಿ ಥಾಮಸ್ ಹಾಕಿನ್ಸ್ ಅನ್ನುವ ಸಂಗ್ರಾಹಕ 1834ರಲ್ಲಿ ತನ್ನ ಕಡಲ ಸರೀಸೃಪಗಳ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಂಗೆ ಮಾರಿದ. ಆಮೇಲೆ ನೋಡಿದರೆ ಇಲ್ಲದ ಮೂಳೆಗಳ ಜಾಗಕ್ಕೆ ಪ್ಲಾಸ್ಟರ್ ತುಂಬಿ, ಬಣ್ಣ ಹಚ್ಚಿ ಪೂರ್ತಿ ಮಾಡಿದ್ದ. ದೊಡ್ಡ ರಂಪವಾಯಿತು. ಪ್ರಾಣಿ ಪೂರ್ತಿ ಇದ್ದರೆ ಬೆಲೆ ಬೇರೆ, ಅರ್ಧ ಇದ್ದರೆ ಬೇರೆ. ಆಸೆ ಯಾರನ್ನು ಬಿಟ್ಟಿದೆ?

ಹಾಗಾದರೆ ನಂಬುವುದು ಯಾವುದನ್ನು? ನಾನು ಮೂರು ಕಾರಣಕ್ಕೆ ನಂಬುತ್ತೇನೆ.

ಅತಿನೇರಳೆ ಬೆಳಕಿನಲ್ಲಿ ಹಿಡಿದರೆ ಮೂಳೆ, ಕಲ್ಲು, ಅಂಟು, ಬಣ್ಣ ಬೇರೆ ಬೇರೆಯಾಗಿ ಹೊಳೆಯುತ್ತವೆ. ಹಗಲು ಬೆಳಕಿನಲ್ಲಿ ಒಂದೇ ಕಪ್ಪಾಗಿ ಕಾಣುವ ತೇಪೆ ಅಲ್ಲಿ ಎದ್ದು ಕಾಣುತ್ತದೆ. ಇದು ಸುಲಭದ ಪರೀಕ್ಷೆ, ಮೊದಲ ಜರಡಿ.

ಎರಡನೆಯದು ಇನ್ನೂ ಗಟ್ಟಿ. 2018ರಲ್ಲಿ ಯೋಹಾನ್ ಲಿಂಡ್‌ಗ್ರೆನ್ ಮತ್ತು ಜೊತೆಗಾರರು ಹೋಲ್ಟ್ಸ್‌ಮಾಡೆನ್‌ನ ಒಂದು ಸ್ಟೆನಾಪ್ಟೆರಿಜಿಯಸ್‌ನ ಆ ಕಪ್ಪು ಪೊರೆಯನ್ನೇ ಸೂಕ್ಷ್ಮದರ್ಶಕದಲ್ಲಿ, ರಾಸಾಯನಿಕ ಪರೀಕ್ಷೆಯಲ್ಲಿ ನೋಡಿದರು. ಅದು ಚರ್ಮವೇ. ಪದರ ಪದರವಾಗಿ ಇದೆ. ಬಣ್ಣದ ಕೋಶಗಳ ಗುರುತಿದೆ. ಚರ್ಮದ ಕೆಳಗೆ ಕೊಬ್ಬಿನ ಪದರದ ಉಳಿಕೆ ಇದೆ, ತಿಮಿಂಗಿಲಕ್ಕೆ ಇರುವಂಥದ್ದು. ಯಕೃತ್ತಿನ ಜಾಗದಲ್ಲಿ ಯಕೃತ್ತಿನದೇ ಅನ್ನಿಸುವ ಉಳಿಕೆಯೂ ಸಿಕ್ಕಿತು. ಕುಂಚ ಹಿಡಿದು ಯಾರೂ ಕೋಶ ಬರೆಯಲಾರರು.

ಮೂರನೆಯದು ಬೇರೆ ಕಲ್ಲಿನ ಸಾಕ್ಷಿ. ಒಂದೇ ಊರಿನ, ಒಂದೇ ಕೈಯ ಕೆಲಸ ಆಗಿದ್ದರೆ ಅನುಮಾನ ಪಡಬಹುದಿತ್ತು. ಮಿಕ್ಸೊಸಾರಸ್ ಅಂತ ಇನ್ನೂ ಹಳೆಯ ಇಕ್ತಿಯೊಸಾರ್ ಇದೆ, ಇಟಲಿ ಮತ್ತು ಸ್ವಿಟ್ಜರ್ಲೆಂಡ್ ಗಡಿಯ ಬೆಟ್ಟಗಳ ಕಡೆಯದು. ಅದರಲ್ಲೂ ಬೆನ್ನಿನ ರೆಕ್ಕೆಯ ಗುರುತು ಸಿಕ್ಕಿದೆ ಅಂತ 2020ರಲ್ಲಿ ಇಟಲಿಯ ವಿಜ್ಞಾನಿಗಳು ತೋರಿಸಿದರು. ಹೋಲ್ಟ್ಸ್‌ಮಾಡೆನ್ ಪ್ರಾಣಿಗಳಿಗಿಂತ ಅದು ಕೋಟಿಗಟ್ಟಲೆ ವರ್ಷ ಹಳೆಯದು. ಬೇರೆ ದೇಶ, ಬೇರೆ ಕಾಲ, ಬೇರೆ ಕೈ. ಉತ್ತರ ಒಂದೇ.

ಈಗಲೂ ಹೊಸತು ಬರುತ್ತಲೇ ಇದೆ. 2025ರಲ್ಲಿ ಟೆಮ್ನೊಡಾಂಟೊಸಾರಸ್ ಅನ್ನುವ ದೊಡ್ಡ ಇಕ್ತಿಯೊಸಾರ್‌ನ ಮುಂದಿನ ಹುಟ್ಟುಗಾಲಿನ ಬಗ್ಗೆ ಪ್ರಕಟವಾಯಿತು. ಅದೂ ಜರ್ಮನಿಯದೇ, ಸುಮಾರು ಒಂದು ಮೀಟರ್ ಉದ್ದ. ಮೂಳೆಯಿಂದ ಆಚೆಗೆ ಚರ್ಮ ಚಾಚಿಕೊಂಡಿದೆ, ಅದರ ಹಿಂದಿನ ಅಂಚು ಗರಗಸದಂತೆ ಹಲ್ಲುಹಲ್ಲಾಗಿದೆ. ಆ ಹಲ್ಲುಗಳ ಒಳಗೆ ಸಣ್ಣ ಕಡ್ಡಿಗಳ ಆಸರೆ. ನೀರಿನಲ್ಲಿ ಸದ್ದಾಗದೆ ಬೇಟೆಯ ಹತ್ತಿರ ಹೋಗಲು ಇದು ನೆರವಾಗಿತ್ತು ಅಂತ ಅದನ್ನು ಅಧ್ಯಯನ ಮಾಡಿದವರ ವಾದ. ಇಂಥದ್ದೊಂದು ಅಂಚು ಇರಬಹುದು ಅಂತ ಯಾವ ಚಿತ್ರಕಾರನೂ ಊಹಿಸಿರಲಿಲ್ಲ.

ಅಲೆಮರಳಿ:

ಬಾಲದ ಬಗ್ಗೆ ನನ್ನದೊಂದು ಮಾತು ಸೇರಿಸಲಾ? ಶಾರ್ಕ್ ಬಾಲ ನೋಡಿ. ಅಲ್ಲಿ ಬೆನ್ನುಮೂಳೆ ಮೇಲಕ್ಕೆ ಬಾಗಿ ಮೇಲ್ಗವಲಿನೊಳಗೆ ಹೋಗುತ್ತದೆ. ಇಕ್ತಿಯೊಸಾರ್‌ದು ಸರಿಯಾಗಿ ಉಲ್ಟಾ.

ನನಗೆ ಮಜಾ ಅನ್ನಿಸೋದು ಏನಂದ್ರೆ, ಹೀಗೆ ಕೆಳಕ್ಕೆ ಬಾಗಿಸಿದ್ದು ಇದೊಂದೇ ಅಲ್ಲ. ಜುರಾಸಿಕ್ ಕಾಲದಲ್ಲಿ ಕಡಲಿಗೆ ಇಳಿದ ಮೊಸಳೆ ಬಂಧುಗಳಿದ್ದವು, ಮೆಟ್ರಿಯೊರಿಂಕಿಡ್‌ಗಳು. ಅವುಗಳ ಬಾಲದ ಮೂಳೆಯೂ ಕೆಳಕ್ಕೇ ಬಾಗಿದೆ. ಆಮೇಲೆ ಕ್ರಿಟೇಶಿಯಸ್ ಕಾಲದಲ್ಲಿ ಹಲ್ಲಿ, ಹಾವುಗಳ ಬಳಗದಿಂದ ಮೊಸಾಸಾರ್ ಬಂತು. ಅದನ್ನು ಬಹಳ ಕಾಲ ಉದ್ದ ಚಪ್ಪಟೆ ಬಾಲದ ಪ್ರಾಣಿಯಾಗಿಯೇ ಬರೆಯುತ್ತಿದ್ದರು. ಜೋರ್ಡಾನ್‌ನಲ್ಲಿ ಸಿಕ್ಕ ಪ್ರೊಗ್ನಾಥೊಡಾನ್ ಅನ್ನುವ ಮೊಸಾಸಾರ್‌ನ ಬಾಲದಲ್ಲಿ ರೆಕ್ಕೆಯ ಹೊರಗೆರೆ ಉಳಿದಿತ್ತು. 2013ರಲ್ಲಿ ಅದು ಪ್ರಕಟವಾಯಿತು. ಅಲ್ಲೂ ಎರಡು ಕವಲು, ಅಲ್ಲೂ ಮೂಳೆ ಕೆಳಗಿನದರಲ್ಲಿ. ಮೂರು ಬೇರೆ ಬೇರೆ ವಂಶ, ಮೂರೂ ಒಂದೇ ಕಡೆ ತಿರುಗಿವೆ.

ಇನ್ನೊಂದು, ಗೀಚುಗೆರೆ ಅವರೇ. ಬಾಲವನ್ನು ಡಾಲ್ಫಿನ್ ತರ ಅಡ್ಡಕ್ಕೆ ಬರೆಯಬೇಡಿ. ಡಾಲ್ಫಿನ್, ತಿಮಿಂಗಿಲ ಬೆನ್ನನ್ನು ಮೇಲೆ ಕೆಳಗೆ ಬಳುಕಿಸುತ್ತವೆ. ನೆಲದ ಮೇಲೆ ಓಡುತ್ತಿದ್ದ ಸಸ್ತನಿಗಳ ಬೆನ್ನು ಹಾಗೇ ಬಳುಕುತ್ತಿತ್ತು. ಸರೀಸೃಪ ಅಕ್ಕಪಕ್ಕಕ್ಕೆ ಬಳುಕುತ್ತದೆ. ಅದಕ್ಕೇ ಇಕ್ತಿಯೊಸಾರ್ ಬಾಲ ನಿಂತಿರುತ್ತದೆ, ಮಲಗಿರುವುದಿಲ್ಲ.

ನೀರ್ಗುಳ್ಳೆ:

ಓಹೋ, ಇಷ್ಟೆಲ್ಲಾ ಇದೆಯಾ! ನಮ್ಮ ದೇಶದಲ್ಲಿ ಸಿಕ್ಕಿಲ್ವಾ ಇಂಥದ್ದು?

ಕಲ್ಲುಕೆರೆತ:

ಸಿಕ್ಕಿದೆ. ಗುಜರಾತಿನ ಕಚ್ಛ್‌ನಲ್ಲಿ, ಲೋಡಾಯ್ ಅನ್ನುವ ಹಳ್ಳಿ ಹತ್ತಿರ. 2017ರಲ್ಲಿ ಪ್ರಕಟವಾಯಿತು, ದೆಹಲಿ ವಿಶ್ವವಿದ್ಯಾಲಯದ ಗುಂಟುಪಲ್ಲಿ ಪ್ರಸಾದ್ ಅವರ ತಂಡದ ಕೆಲಸ. ಸುಮಾರು 15 ಕೋಟಿ ವರ್ಷ ಹಳೆಯದು, ಐದೂವರೆ ಮೀಟರ್ ಹತ್ತಿರ ಉದ್ದ. ಬಹುಪಾಲು ಅಸ್ಥಿಪಂಜರ ಇದೆ. ಆದರೆ ತಲೆಬುರುಡೆಯ ಸ್ವಲ್ಪ ಭಾಗ ಇಲ್ಲ, ಬಾಲದ ಮೂಳೆಗಳೂ ಪೂರ್ತಿ ಇಲ್ಲ. ಹಾಗಾಗಿ ನಮ್ಮ ಈ ಜಗಳಕ್ಕೆ ಅದು ಸಾಕ್ಷಿ ಹೇಳಲ್ಲ.

ಗೀಚುಗೆರೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೆಣೆಯಾಕಾರದ ಮಣಿ ಮತ್ತು ಹೋಲ್ಟ್ಸ್‌ಮಾಡೆನ್ ಹೊರಗೆರೆ, ಇವೆರಡನ್ನು ಬರೆದು ಸಂಪಾದಕರಿಗೆ ಕಳಿಸಿದೆ. ಅವರು ಬೆನ್ನಿನ ರೆಕ್ಕೆಗೆ ಒಪ್ಪಿದರು. ಜೊತೆಗೆ, ಪುಟದ ಮೂಲೆಯಲ್ಲಿ ಅಸ್ಥಿಪಂಜರ ಬರೆದು ಅದರ ಸುತ್ತ ಚರ್ಮದ ಗೆರೆ ಹಾಕಿ, ಮಕ್ಕಳಿಗೂ ಗೊತ್ತಾಗಲಿ ಅಂದಿದ್ದಾರೆ. ಕೆಲಸ ಜಾಸ್ತಿ ಆಯ್ತು, ಆದರೆ ಖುಷಿ ಇದೆ.

ಈಗ ಬಣ್ಣಕ್ಕೆ ಬಂದಿದ್ದೇನೆ. ನಾನು ನೀಲಿ ಹಸಿರು ಹಾಕಿ, ಹೊಟ್ಟೆ ಕಡೆ ಚಿಪ್ಪಿನಂಥ ಹೊಪ್ಪಳಿಕೆ ತೋರಿಸಿದ್ದೆ. ಸರೀಸೃಪ ಅಲ್ವಾ ಅಂತ. ಇದಕ್ಕೂ ಪುರಾವೆ ಕೇಳಿದರೆ? ಇನ್ನೊಂದು ಪುಟದಲ್ಲಿ ತಾಯಿ ಮರಿ ಹಾಕುವ ಚಿತ್ರ ಬೇಕಂತೆ. ಮರಿಯ ಯಾವ ತುದಿ ಮೊದಲು ಬರಬೇಕು?

ಕಲ್ಲುಕೆರೆತ:

ಹೊಪ್ಪಳಿಕೆ ಅಳಿಸಿಬಿಡಿ. ನಾನು ಹೇಳಿದ 2018ರ ಪ್ರಾಣಿಯ ಚರ್ಮ ನಯವಾಗಿತ್ತು, ಹೊಪ್ಪಳಿಕೆಯ ಸುಳಿವಿಲ್ಲ. ಅದೇ ಪ್ರಾಣಿಯ ಬೆನ್ನಿನ ಕಡೆ ಬಣ್ಣದ ಕೋಶಗಳು ದಟ್ಟವಾಗಿದ್ದವು, ಹೊಟ್ಟೆ ಕಡೆ ಕಡಿಮೆ. ಮೇಲೆ ಗಾಢ, ಕೆಳಗೆ ತೆಳು. ಮೇಲಿಂದ ನೋಡಿದವರಿಗೆ ಕತ್ತಲ ನೀರಿನಲ್ಲಿ ಕಾಣಲ್ಲ, ಕೆಳಗಿಂದ ನೋಡಿದವರಿಗೆ ಬೆಳಕಿನ ಎದುರು ಕಾಣಲ್ಲ.

ಆದರೆ ಎಲ್ಲ ಇಕ್ತಿಯೊಸಾರ್‌ಗೂ ಇದೇ ಬಣ್ಣ ಬಳಿಯಬೇಡಿ. ಇದೇ ಲಿಂಡ್‌ಗ್ರೆನ್ ತಂಡ 2014ರಲ್ಲಿ ಇನ್ನೊಂದು ಇಕ್ತಿಯೊಸಾರ್‌ನ ಚರ್ಮ ನೋಡಿದಾಗ ಮೈಯೆಲ್ಲ ಗಾಢ ಬಣ್ಣ ಇದ್ದಿರಬೇಕು ಅಂದಿತ್ತು. ನಿಮ್ಮದು ಸ್ಟೆನಾಪ್ಟೆರಿಜಿಯಸ್ ಆದ್ದರಿಂದ ಮೇಲೆ ಗಾಢ, ಕೆಳಗೆ ತೆಳು ಹಾಕಿದರೆ ಯಾರೂ ಕೆಂಪು ಶಾಯಿ ತೆಗೆಯುವಂತಿಲ್ಲ. ಉಳಿದಿರುವುದು ಮೆಲನಿನ್ ಅನ್ನುವ ಕಪ್ಪು, ಕಂದು ಬಣ್ಣದ ಗುರುತು ಮಾತ್ರ. ನೀಲಿ ಹಸಿರು ನಿಮ್ಮ ಜವಾಬ್ದಾರಿ. ನಾನಾದರೆ ಕಂದುಗಪ್ಪು ಹಾಕುತ್ತೇನೆ.

ಮರಿಯ ವಿಷಯ. ಇಕ್ತಿಯೊಸಾರ್ ಮೊಟ್ಟೆ ಇಡುತ್ತಿರಲಿಲ್ಲ, ಮರಿ ಹಾಕುತ್ತಿತ್ತು. ಇದಕ್ಕೂ ಹೋಲ್ಟ್ಸ್‌ಮಾಡೆನ್‌ನಲ್ಲಿ ಒಳ್ಳೆಯ ಸಾಕ್ಷಿಗಳಿವೆ, ಹೊಟ್ಟೆಯೊಳಗೆ ಮರಿಗಳಿರುವ ಸ್ಟೆನಾಪ್ಟೆರಿಜಿಯಸ್‌ಗಳು. ಅವುಗಳಲ್ಲಿ ಹೆಚ್ಚಿನವು ಬಾಲ ಮೊದಲು ಬರುವ ಹಾಗೆ ಮಲಗಿವೆ. ಹಾಗೇ ಬರೆಯಿರಿ. "ತಲೆ ಮೊದಲು ಬಂದರೆ ಮರಿ ಉಸಿರುಗಟ್ಟಿ ಸಾಯುತ್ತಿತ್ತು, ಅದಕ್ಕೇ ಬಾಲ ಮೊದಲು" ಅಂತ ಪುಸ್ತಕಗಳಲ್ಲಿ ಬರೆದಿರುತ್ತಾರೆ. ಆ ಸಾಲನ್ನು ಮಾತ್ರ ಚಿತ್ರದ ಕೆಳಗೆ ಹಾಕಬೇಡಿ. ಚೀನಾದಲ್ಲಿ ಸಿಕ್ಕ ಚಾವೋಹುಸಾರಸ್ ಅನ್ನುವ ಬಹಳ ಹಳೆಯ ಇಕ್ತಿಯೊಸಾರ್‌ನಲ್ಲಿ ಮರಿಯ ತಲೆಯೇ ಮೊದಲು. 2014ರಲ್ಲಿ ಬಂದ ಸುದ್ದಿ ಅದು. ಉಸಿರುಗಟ್ಟುವ ವಾದವನ್ನು 2023ರ ಇನ್ನೊಂದು ಅಧ್ಯಯನ ಚೆನ್ನಾಗಿ ಜಾಲಾಡಿ, ಅದು ನಿಲ್ಲುವುದು ಕಷ್ಟ ಅಂದಿದೆ.

ಅನುಮಾನಯ್ಯ:

ಕಣ್ಣಿನ ಬಗ್ಗೆ ಯಾರೂ ಹೇಳಲಿಲ್ಲ. ಪಳೆಯುಳಿಕೆಯಲ್ಲಿ ಕಣ್ಣಿನ ಗುಂಡಿಯೊಳಗೆ ಬಳೆಯಂತೆ ಜೋಡಿಸಿದ ತೆಳು ಮೂಳೆ ಹಲ್ಲೆಗಳಿರುತ್ತವಲ್ಲ, ಅದನ್ನು ಚಿತ್ರದಲ್ಲಿ ತೋರಿಸಬೇಕಾ ಸರ್?

ಕಲ್ಲುಕೆರೆತ:

ಬೇಡ. ಅದು ಕಣ್ಣುಗುಡ್ಡೆಯ ಒಳಗಿನ ಆಸರೆ. ಹಕ್ಕಿಗಳಿಗೂ ಇದೆ, ಹಕ್ಕಿಯನ್ನು ನೋಡಿದಾಗ ನಮಗೆ ಕಾಣುತ್ತದೆಯೇ? ಕ್ರಿಸ್ಟಲ್ ಪ್ಯಾಲೆಸ್ ಬೊಂಬೆಗಳಲ್ಲಿ ಆ ಹಲ್ಲೆಗಳನ್ನು ಹೊರಗೇ ಕೆತ್ತಿಟ್ಟಿದ್ದಾರೆ, ದುರುಗುಟ್ಟಿ ನೋಡುವ ಹಾಗಿದೆ. ಕಣ್ಣು ದೊಡ್ಡದಾಗಿ ಬರೆಯಿರಿ, ಅದಕ್ಕೆ ಸಂಕೋಚ ಬೇಡ. ಆಫ್ತಾಲ್ಮೊಸಾರಸ್ ಅನ್ನುವ ಇಕ್ತಿಯೊಸಾರ್ ನಾಲ್ಕು ಮೀಟರ್ ಆಸುಪಾಸಿನ ಪ್ರಾಣಿ, ಕಣ್ಣು ಮಾತ್ರ 20 ಸೆಂಟಿಮೀಟರ್‌ಗೂ ಜಾಸ್ತಿ ಅಗಲ. ಆದರೆ ಗುಂಡಿ ತುಂಬಾ ಬಿಳಿ ಕಣ್ಣು ಬಿಟ್ಟ ಹಾಗೆ ಬರೆದರೆ ಬೆದರಿದ ಪ್ರಾಣಿ ಆಗುತ್ತದೆ. ಸುತ್ತ ಚರ್ಮ ಬರಲಿ, ಒಳಗೆ ಕಪ್ಪು ಜಾಸ್ತಿ ಇರಲಿ.

ಕೊನೆಗೆ ಮೂಗು. ತುಂಬಾ ಜನ ಇಲ್ಲೇ ಎಡವುವುದು. ತಿಮಿಂಗಿಲದಂತೆ ನೆತ್ತಿಯ ಮೇಲೆ ತೂತು ಬೇಡ, ಮೊಸಳೆಯಂತೆ ಮೂತಿಯ ತುದಿಯಲ್ಲೂ ಬೇಡ. ಕಣ್ಣಿನ ಮುಂದೆಯೇ, ಎರಡೂ ಪಕ್ಕ ಒಂದೊಂದು. ಕಿವಿರು ಬರೆದಿದ್ದರೆ ಅದನ್ನೂ ತೆಗೆಯಿರಿ, ಇದು ಮೇಲೆ ಬಂದು ಗಾಳಿ ಎಳೆದುಕೊಂಡು ಹೋಗುವ ಪ್ರಾಣಿ. ತಿದ್ದಿದ ಕರಡು ಇಲ್ಲಿ ಹಾಕಿ, ಅನುಮಾನಯ್ಯನವರೂ ಒಂದು ಸಲ ನೋಡಲಿ.